ಎಡಗಣ್ಣು ಮೂರು ಮಿಲಿಮೀಟರ್ ಮೇಲೆ

ಮುಖವಾಡ ಕಣ್ಣು ಮಿಟುಕಿಸಿತು!

ಅವಳು ಬೆಚ್ಚಿಬಿದ್ದು ಎರಡು ಹೆಜ್ಜೆ ಹಿಂದೆ ಸರಿದಳು. ಕೈಯಲ್ಲಿದ್ದ ಟಿಕೆಟ್ ಕೆಳಗೆ ಬಿತ್ತು.

ಸಂಗ್ರಹಾಲಯದ ಆ ದೊಡ್ಡ ಹಜಾರದಲ್ಲಿ ಒಟ್ಟು ನಲವತ್ತು ಮುಖವಾಡಗಳಿದ್ದವು. ಹುಲಿ, ಕೋತಿ, ಬೊಚ್ಚುಬಾಯಿಯ ಮುದುಕಿ, ಉದ್ದ ಮೂಗಿನ ವೈದ್ಯ, ಹಲ್ಲು ಕಿರಿಯುವ ವಿದೂಷಕ... ಮೆರವಣಿಗೆಯಲ್ಲಿ ಕುಣಿದು ಕುಪ್ಪಳಿಸಿದ ಮುಖಗಳೆಲ್ಲ ಈಗ ಗಾಜಿನ ಹಿಂದೆ ತೆಪ್ಪಗೆ ಕೂತಿದ್ದವು. ನಟ್ಟನಡುವಿನ ಪೆಟ್ಟಿಗೆಯಲ್ಲಿದ್ದ ಬಿಳಿಯ ಚಂದ್ರನ ಮುಖ ಮಾತ್ರ ಅವಳನ್ನೇ ನೋಡುತ್ತಿತ್ತು.

ಅದೂ ಒಂದೇ ಕಣ್ಣಿನಲ್ಲಿ! ಒಂದು ತೂತಿನಲ್ಲಿ ಪೂರ್ತಿ ಕಣ್ಣು ಕಾಣುತ್ತಿತ್ತು. ಇನ್ನೊಂದು ತೂತಿನಲ್ಲಿ ಅರ್ಧ ಹುಬ್ಬು, ಅರ್ಧ ರೆಪ್ಪೆ.

'ಈ ಮುಖವಾಡ ಈ ಮನುಷ್ಯನದ್ದಲ್ಲ. ಅಳತೆಯೇ ಕೂಡ್ತಿಲ್ಲ' ಎಂದುಕೊಂಡಳು. ಎದೆ ಡವಡವ ಅನ್ನುತ್ತಿದ್ದರೂ ಬುದ್ಧಿ ಅಳತೆಗೇ ಹೋಯಿತು ನೋಡಿ! ಕನ್ನಡಕದ ಅಂಗಡಿಯಲ್ಲಿ ಆರು ವರ್ಷದಿಂದ ಕಂಡವರ ಕಣ್ಣಿಗೆಲ್ಲ ಸ್ಕೇಲ್ ಹಿಡಿದವಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕಸುಬಿನ ಗುಣವೂ ಹಾಗೆಯೇ.

ಆದರೆ ಆ ಕಣ್ಣು...

ಪಾಪೆಯ ಸುತ್ತ ಜೇನಿನ ಬಣ್ಣದ ಬಳೆ. ಅದರ ಕೆಳ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಸಾವಿರಾರು ಕಣ್ಣು ನೋಡಿದ್ದಳು ಅವಳು. ಅಂಥ ಚುಕ್ಕೆ ಇದ್ದದ್ದು ಒಬ್ಬನಿಗೇ.

'ದೇವರೇ... ಅವನಾಗದಿರಲಿ' ಎಂದಿತು ಮನಸ್ಸು. 'ಅವನೇ ಆಗಿರಲಿ' ಎಂದಿತು ಅದೇ ಮನಸ್ಸು.

ಮುಖವಾಡ ಮೆಲ್ಲಗೆ ಕೆಳಗಿಳಿಯಿತು. ಪೆಟ್ಟಿಗೆಯ ಹಿಂಬದಿಯ ಬಾಗಿಲು ತೆರೆದಿತ್ತು. ಅಲ್ಲಿ ಮೊಣಕಾಲೂರಿ, ಬಿಳಿ ಕೈಗವಸು ತೊಟ್ಟು, ಮುಖವಾಡವನ್ನು ಕಂಬಿಗೆ ಕೂರಿಸುತ್ತಿದ್ದ ಗಂಡಸು ಅವಳನ್ನು ನೋಡಿ ಹಾಗೆಯೇ ಕಲ್ಲಾಗಿದ್ದ.

ಗೋಂದು!

ಅದು ಅವನ ಹೆಸರಲ್ಲ ಬಿಡಿ. ಅವಳ ಅಪ್ಪನ ಮುಖವಾಡದ ಕಾರ್ಯಾಗಾರದಲ್ಲಿ ಅಂಟಿಕೊಂಡ ಅಡ್ಡಹೆಸರು. ಹದಿನೆಂಟನೇ ವಯಸ್ಸಿಗೆ ಕೆಲಸ ಕಲಿಯಲು ಬಂದವನು ಬೆರಳಿನಿಂದ ಮೊಣಕೈವರೆಗೆ ಸದಾ ಗೋಂದು ಮೆತ್ತಿಕೊಂಡೇ ಓಡಾಡುತ್ತಿದ್ದ. ಒಂಬತ್ತು ವರ್ಷ ಇದ್ದು, ಆಮೇಲೆ ಒಂದು ಬೆಳಗ್ಗೆ ಹೇಳದೆ ಕೇಳದೆ ಹೊರಟುಹೋದ. ಅಂದಿನಿಂದ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತು ಒಂದೇ. 'ಹೆಸರಿಗೆ ಗೋಂದು. ಅಂಟಿಕೊಂಡು ನಿಲ್ಲೋ ಜಾತಿ ಅಲ್ಲ!'

"ನೀ..." ಅವನು ತಡೆದ. ಕೆಮ್ಮಿ ಸರಿಮಾಡಿಕೊಂಡ. "ನೀವು... ಯಾವಾಗ ಬಂದ್ರಿ?"

ನೀವು!

'ಲೇ', 'ಏ', 'ತಕ್ಕಡಿ' ಎಂದೆಲ್ಲ ಕರೆದು ಗೋಳುಹೊಯ್ದುಕೊಂಡವನು, ಇವತ್ತು ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತವರನ್ನು ಮಾತಾಡಿಸಿದ ಹಾಗೆ 'ನೀವು' ಅಂದನಲ್ಲ...

"ಅಪ್ಪನ್ನ ಕರ್ಕೊಂಡು ಬಂದೆ," ಎಂದಳು ಅವಳು. "ಅವರ ಮುಖವಾಡಗಳನ್ನ ಇವತ್ತಿಂದ ಜನಕ್ಕೆ ತೋರಿಸ್ತಾರೆ ಅಂದ್ರು. ಮಂಡಿನೋವು ಅಂತ ಬಾಗಿಲ ಹತ್ರ ಬೆಂಚಿನ ಮೇಲೆ ಕೂತಿದ್ದಾರೆ. ನೀವಿಲ್ಲಿ ಇರ್ತೀರಿ ಅಂತ ಗೊತ್ತಿರ್ಲಿಲ್ಲ."

"ಗೊತ್ತಿದ್ರೆ?"

"ಬೇರೆ ದಿನ ಬರ್ತಿದ್ದೆ."

ಅವನು ತಲೆ ತಗ್ಗಿಸಿದ. ಚಂದ್ರನನ್ನು ಕಂಬಿಯ ಮೇಲೆ ಕೂರಿಸಿ, ಎರಡು ಬೆರಳಿನಿಂದ ಅದರ ಕೆನ್ನೆಯನ್ನು ಒಮ್ಮೆ ಮುಟ್ಟಿ ಬಾಗಿಲು ಮುಚ್ಚಿದ.

"ಹೆದರ್ಬೇಡಿ. ಹಳೇ ಬಣ್ಣ ಎದ್ದಿತ್ತು, ರಿಪೇರಿಗೆ ಕರೆಸಿದ್ರು. ಇದೇ ಕೊನೇದು. ಒಂದು ಗಂಟೆ ಬಸ್ಸಿಗೆ ಹೊರಡ್ತೀನಿ. ದೂರದ ಊರಲ್ಲಿ ಇನ್ನೊಂದು ಮ್ಯೂಸಿಯಂ, ಮೂರು ವರ್ಷದ ಕೆಲಸ. ಮತ್ತೆ ಎದುರಾಗೋ ಪ್ರಮೇಯ ಬರಲ್ಲ."

ಗೋಡೆಯ ಗಡಿಯಾರ ಹನ್ನೆರಡು ತೋರಿಸುತ್ತಿತ್ತು.

ಒಂದು ಗಂಟೆ. ಒಂದೇ ಒಂದು ಗಂಟೆ! ಕೇಳಬೇಕಾದದ್ದು ಬೆಟ್ಟದಷ್ಟಿತ್ತು. ಮದುವೆ ಆಯ್ತಾ? ಆ ನಟಿಯನ್ನೇ ಆದ್ಯಾ? ಸುಖವಾಗಿದ್ದೀಯಾ? ನನ್ನ ನೆನಪು ಒಂದು ದಿನವಾದ್ರೂ...

ಅವಳು ಕೇಳಿದ್ದು ಬೇರೆಯೇ.

"ಕಣ್ಣಿಗೇನಾಗಿದೆ?"

ಪೆಟ್ಟಿಗೆಯ ಮುಂದೆ ಅಂಟಿಸಬೇಕಿದ್ದ ವಿವರದ ಚೀಟಿಯನ್ನು ಅವನು ಮಾರುದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

"ಹತ್ತಿರದ್ದು ಕಾಣಲ್ಲ."

"ತೋರಿಸ್ಕೋಬೇಕು."

"ಹತ್ತಿರದ್ದು ಕಾಣದೇ ಇರೋದು ನಂಗೆ ಹಳೇ ಕಾಯಿಲೆ," ಎಂದು ನಕ್ಕ. ಆ ನಗು ಕಣ್ಣಿನವರೆಗೆ ಹೋಗಲಿಲ್ಲ. ಚೀಟಿ ಅಂಟಿಸಿ, ಹತ್ಯಾರಿನ ಪೆಟ್ಟಿಗೆ ಎತ್ತಿಕೊಂಡು, "ಗುರುಗಳಿಗೆ ಹೇಳಿ ಹೊರಡ್ತೀನಿ," ಎಂದ.

ಅವಳು ತಡೆಯಲಿಲ್ಲ. ಅವನ ಬೂಟಿನ ಸದ್ದು ಹಜಾರ ದಾಟಿ, ಮೆಟ್ಟಿಲು ಇಳಿದು, ಕೇಳಿಸದಾಯಿತು.

*

ಅವಳ ಎರಡು ಕಣ್ಣು ಒಂದೇ ಸಮಕ್ಕಿಲ್ಲ. ಎಡಗಣ್ಣು ಒಂದಿಷ್ಟು ಮೇಲೆ. ಗಮನವಿಟ್ಟು ನೋಡಿದರೆ ಮಾತ್ರ ಗೊತ್ತಾಗುವಷ್ಟು. ಆದರೆ ಶಾಲೆಯ ಮಕ್ಕಳಿಗೆ ಗಮನವಿಟ್ಟು ನೋಡುವುದಕ್ಕಿಂತ ಬೇರೆ ಏನು ಕೆಲಸ? ಅಲ್ಲಿ ಬಿದ್ದ ಹೆಸರು 'ತಕ್ಕಡಿ'. ಒಂದು ತಟ್ಟೆ ಮೇಲೆ, ಒಂದು ತಟ್ಟೆ ಕೆಳಗೆ! ಎಷ್ಟು ಅತ್ತಿದ್ದಳೋ ಆ ಹೆಸರಿಗೆ.

ಗೋಂದು ಬಂದ ಮೇಲೆ ಅದೇ ಹೆಸರು ಬೇರೆಯಾಯಿತು. "ಏ ತಕ್ಕಡಿ, ಕುಂಚ ಕೊಡು," "ತಕ್ಕಡಿ, ಇಲ್ಲಿ ನೋಡು, ಮೂಗು ಸರಿ ಇದ್ಯಾ?" ಅವನ ಬಾಯಲ್ಲಿ ಅದು ಮುದ್ದಿನ ಹೆಸರಾಗಿಬಿಟ್ಟಿತು.

ಕಾರ್ಯಾಗಾರದಲ್ಲಿ ಅಪ್ಪನದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಒಂದು ಮುಖವಾಡ ಒಬ್ಬರಿಗೇ. ಹಾಕಿಕೊಳ್ಳುವವರನ್ನು ಕೂರಿಸಿ, ಕಣ್ಣಿಂದ ಕಣ್ಣಿಗೆ ದಾರ ಹಿಡಿದು ಅಳತೆ ತೆಗೆದು, ಆಮೇಲೆ ತೂತು ಕೊರೆಯಬೇಕು. "ಕಣ್ಣು ಕೂಡದ ಮುಖವಾಡ ಹಾಕ್ಕೊಂಡು ಮೆರವಣಿಗೆಗೆ ಹೋದ್ರೆ ಮೊದಲ ತಿರುವಲ್ಲೇ ಮುಗ್ಗರಿಸ್ತಾರೆ," ಎನ್ನುತ್ತಿದ್ದರು ಅಪ್ಪ. "ಹೊರಗಿನ ಚೆಂದ ನೋಡೋರಿಗೆ, ಒಳಗಿನ ಅಳತೆ ಹಾಕ್ಕೊಳ್ಳೋರಿಗೆ. ಅದಕ್ಕೇ ಮುಖವಾಡನ ಹಿಂದಿನಿಂದ ನೋಡ್ಬೇಕು!"

ಆರು ವರ್ಷದ ಹಿಂದೆ, ಮೆರವಣಿಗೆಗೆ ಹತ್ತು ದಿನ ಇದೆ ಅನ್ನುವಾಗ, ಅವಳು ಧೈರ್ಯ ಮಾಡಿ ಅವನೆದುರು ಕೂತಿದ್ದಳು. ಅವನು ತಲೆ ಬಗ್ಗಿಸಿ ಕಾಗದದ ಮೇಲೆ ಕಾಗದ ಅಂಟಿಸುತ್ತಿದ್ದ.

"ಈ ಸಲ ನಂಗೂ ಒಂದು ಮಾಡ್ಕೊಡು," ಎಂದಿದ್ದಳು. "ಅಳತೆ ಯಾವಾಗ ತಗೋತೀಯ?"

ಅದು ಬರೀ ಮುಖವಾಡ ಕೇಳಿದ ಮಾತಲ್ಲ. ದಾರ ಹಿಡಿದು ಮುಖದ ಹತ್ತಿರ ಬಾ, ಕಣ್ಣಲ್ಲಿ ಕಣ್ಣಿಟ್ಟು ನೋಡು, ನಾನು ಹೇಳಲಾರದ್ದನ್ನು ಅಲ್ಲೇ ಓದಿಕೋ... ಅಷ್ಟೆಲ್ಲ ಇತ್ತು ಅದರಲ್ಲಿ.

ಅವನು ತಲೆ ಎತ್ತಲೂ ಇಲ್ಲ.

"ನಿನ್ನ ಅಳತೆ ನಂಗೆ ಬೇಕಿಲ್ಲ," ಎಂದ.

ಬೇಕಿಲ್ಲ!

ಮಾರನೆಯ ದಿನ ಅವಳು ಕಾರ್ಯಾಗಾರದ ಬಾಗಿಲಿಗೆ ಬಂದಾಗ ನಾಟಕ ಮಂಡಳಿಯ ನಟಿ ಸ್ಟೂಲಿನ ಮೇಲೆ ಕೂತಿದ್ದಳು. ಗೋಂದು ಅವಳ ಮುಖಕ್ಕೆ ದಾರ ಹಿಡಿದಿದ್ದ. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಇವಳು ಬಾಗಿಲಿಂದಲೇ ವಾಪಸು ಹೋದಳು. ಮೆರವಣಿಗೆಯ ಬೆಳಗ್ಗೆ ಅಪ್ಪ ಬಂದು, "ಗೋಂದು ಕೇಳ್ತಿದ್ದಾನೆ, ನಿಂಗೆ ಮುಖವಾಡ..." ಎಂದು ಶುರುಮಾಡುವಷ್ಟರಲ್ಲಿ ಹಾಸಿಗೆಯಲ್ಲಿ ಮಗ್ಗುಲಾಗಿ ಕೂಗಿದ್ದಳು: "ನಂಗೆ ಯಾವ ಮುಖವಾಡಾನೂ ಬೇಡ! ಅವನ ಕೈಯಿಂದಂತೂ ಬೇಡವೇ ಬೇಡ! ಹಾಗಂತ ಹೇಳಿ!"

ಅಪ್ಪ ಹಾಗೆಯೇ ಹೇಳಿದರು. ಅಕ್ಷರ ಬಿಡದೆ. ಒಂದು ವಾರಕ್ಕೆ ಗೋಂದು ಅದೇ ನಾಟಕ ಮಂಡಳಿಯ ಜೊತೆ ಊರು ಬಿಟ್ಟ.

ಅವಳು ಮತ್ತೆ ಕಾರ್ಯಾಗಾರದ ಹೊಸ್ತಿಲು ತುಳಿಯಲಿಲ್ಲ. ಮರುವರ್ಷ ಅಪ್ಪನ ಕೈ ನಡುಗತೊಡಗಿತು, ಕಾರ್ಯಾಗಾರಕ್ಕೆ ಬೀಗ ಬಿತ್ತು, ಪೆಟ್ಟಿಗೆಯಲ್ಲಿದ್ದ ಮುಖವಾಡಗಳೆಲ್ಲ ವ್ಯಾನು ಹತ್ತಿ ಸಂಗ್ರಹಾಲಯ ಸೇರಿದವು. ಅವಳು ಒಳಗೆ ಕೂತು ವ್ಯಾನಿನ ಸದ್ದು ಕೇಳಿದ್ದಳು ಅಷ್ಟೇ.

ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸವೇ ಎರಡು ಕಣ್ಣಿನ ನಡುವಿನ ಅಂತರ ಅಳೆಯುವುದು. "ನನ್ನನ್ನೇ ನೋಡಿ, ಅಲುಗಾಡ್ಬೇಡಿ," ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಾಳೆ. ಇಪ್ಪತ್ತು ಜನ ಅವಳನ್ನೇ ನೋಡುತ್ತಾರೆ. ಜೇನುಬಣ್ಣದ ಕಣ್ಣು ಎದುರಾದ ದಿನ ಮಾತ್ರ ಅವಳು ಒಂದೇ ಅಳತೆಯನ್ನು ಎರಡೆರಡು ಸಲ ತೆಗೆಯುತ್ತಾಳೆ. ಚುಕ್ಕೆ ಇದೆಯೇನೋ ಎಂದು ಹುಡುಕುತ್ತಾಳೆ. ಇರುವುದಿಲ್ಲ. ಬಂದ ಸಂಬಂಧಗಳಿಗೆಲ್ಲ ಒಂದಲ್ಲ ಒಂದು ಕೊಂಕು ತೆಗೆದು ಕಳಿಸಿದ್ದಳು. ಅಪ್ಪ ಏನೂ ಕೇಳಿರಲಿಲ್ಲ.

*

"ಏನ್ರೀ, ಚಂದ್ರನ ಮುಂದೇನೇ ನಿಂತುಬಿಟ್ರಲ್ಲ?"

ಸಂಗ್ರಹಾಲಯದ ಅಧಿಕಾರಿ ಮೇಡಂ ಕೈಯಲ್ಲಿ ಚೀಟಿಗಳ ಕಟ್ಟು ಹಿಡಿದು ಬಂದಿದ್ದರು. ಮಾತಿನಮಲ್ಲಿ. ಕೇಳುವವರು ಒಬ್ಬರು ಸಿಕ್ಕಿದರೆ ಸಾಕು ಎನ್ನುವಂಥವರು.

"ಚೆನ್ನಾಗಿದೆ ಅಲ್ವಾ? ಇಡೀ ಸಂಗ್ರಹದಲ್ಲಿ ಇಷ್ಟು ನಾಜೂಕಿನ ಕೆಲಸ ಇನ್ನೊಂದಿಲ್ಲ. ಏನು ಮಾಡೋದು, ಚಂದ್ರನಿಗೂ ಕಲೆ ಇರುತ್ತಲ್ಲ! ಕಣ್ಣು ಸೊಟ್ಟ. ಪೋಸ್ಟರಿಗೆ ಹಾಕೋಣ ಅಂತಿದ್ದೆ. 'ತೂತು ಸ್ವಲ್ಪ ಮುಚ್ಚಿ ಸಮ ಮಾಡಿಕೊಡಪ್ಪಾ' ಅಂದ್ರೆ ಆ ರಿಪೇರಿಯವನು ಕೈ ಮುಗಿದುಬಿಟ್ಟ. 'ನಲವತ್ತನ್ನೂ ಹೊಸದಾಗಿ ಮಾಡಿಕೊಡ್ತೀನಿ ಮೇಡಂ, ಇದರ ಕಣ್ಣು ಮುಟ್ಟಲ್ಲ' ಅಂತ! 'ಹಾಗಾದ್ರೆ ಚೀಟೀಲಿ ಏನಂತ ಬರೀಲಿ?' ಅಂದೆ. 'ಮಾಡಿದವನ ತಪ್ಪು ಅಂತ ಬರೀರಿ' ಅಂದ. ಬರೆದೆ."

ಅವಳು ಬಗ್ಗಿ ಚೀಟಿ ಓದಿದಳು.

'ಚಂದ್ರ. ಕಾಗದ, ಗೋಂದು, ಬಣ್ಣ. ಕಣ್ಣುಗಳ ನಡುವಿನ ಅಂತರ ಐವತ್ತೊಂಬತ್ತು ಮಿಲಿಮೀಟರ್. ಎಡಗಣ್ಣಿನ ರಂಧ್ರ ಮೂರು ಮಿಲಿಮೀಟರ್ ಮೇಲಿದೆ, ತಯಾರಕರ ಕೈತಪ್ಪು. ಮೆರವಣಿಗೆಯಲ್ಲಿ ಧರಿಸಿದ ಗುರುತುಗಳಿಲ್ಲ.'

ಐವತ್ತೊಂಬತ್ತು.

ಎಡಕ್ಕೆ ಮೂರು ಮೇಲೆ.

ಅವಳ ಕೈ ತಾನಾಗಿ ಮೂಗಿನ ಮೇಲಿದ್ದ ಕನ್ನಡಕಕ್ಕೆ ಹೋಯಿತು. ಆ ಕನ್ನಡಕದ ಅಳತೆ ಚೀಟಿಯನ್ನು ಅವಳೇ ಬರೆದದ್ದು. ಕನ್ನಡಿ ಮುಂದೆ ನಿಂತು, ಮೂರು ಸಲ ಸ್ಕೇಲ್ ಹಿಡಿದು, ಅಂಗಡಿಯಲ್ಲಿ ಬೇರೆ ಯಾರಿಗೂ ತೋರಿಸದೆ. ಐವತ್ತೊಂಬತ್ತು, ಎಡ ಮೂರು ಮೇಲೆ. ಸಾವಿರಾರು ಜನರ ಅಳತೆ ಬರೆದಿದ್ದಾಳೆ. ಇದು ಇನ್ನೊಬ್ಬರಿಗೆ ಬಂದದ್ದಿಲ್ಲ.

'ಇಲ್ಲ... ಹುಚ್ಚಿ, ಸುಮ್ಮನಿರು. ಕಾಕತಾಳೀಯ ಇರ್ಬೇಕು.'

ಮುಖವಾಡನ ಹಿಂದಿನಿಂದ ನೋಡ್ಬೇಕು!

ಅವಳು ಪೆಟ್ಟಿಗೆಯನ್ನು ಸುತ್ತಿ ಹಿಂದಕ್ಕೆ ಬಂದಳು. ಆ ಕಡೆಯಿಂದ ಚಂದ್ರ ಬರೀ ಒಂದು ಟೊಳ್ಳು. ಬಣ್ಣ ಹಚ್ಚದ ಬೂದು ಕಾಗದ, ಒಂದರ ಮೇಲೊಂದು ಅಂಟಿಸಿದ ಚೂರುಗಳ ಅಂಚು. ಹಾಕಿಕೊಂಡ ಮುಖವಾಡದ ಹಣೆಯಲ್ಲಿ ಬೆವರಿನ ಕಲೆ ಉಳಿಯುತ್ತದೆ, ಬಾಯಿಯ ಹತ್ತಿರ ಉಸಿರಿಗೆ ಕಾಗದ ಮೆದುವಾಗಿರುತ್ತದೆ. ಇದರಲ್ಲಿ ಒಂದು ಗುರುತೂ ಇರಲಿಲ್ಲ. ಯಾರಿಗೋ ಕಾದು ಕಾದು ಹಾಗೆಯೇ ಉಳಿದುಹೋದ ಮುಖ.

ಆಚೆ ಕಪ್ಪು ಪರದೆ. ಗಾಜಿನಲ್ಲಿ ಅವಳ ಪ್ರತಿಬಿಂಬ ಮಸುಕಾಗಿ ಮೂಡಿತ್ತು. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಇನ್ನೂ ಅರ್ಧ ಹೆಜ್ಜೆ. ಪ್ರತಿಬಿಂಬ ಜರುಗಿ ಜರುಗಿ ಆ ಟೊಳ್ಳಿನೊಳಗೆ ಹೋಗಿ ಕೂತಿತು. ಹಣೆಗೆ ಹಣೆ, ಗಲ್ಲಕ್ಕೆ ಗಲ್ಲ.

ಎರಡು ತೂತಿನಲ್ಲಿ ಎರಡು ಕಣ್ಣು!

ಸರಿಯಾಗಿ ನಡುವೆ. ಬಲದ್ದು ಕೆಳಗೆ, ಎಡದ್ದು ಮೇಲೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಹುಟ್ಟಿದಾಗಿನಿಂದ ಅವಳ ಕಣ್ಣಿಗೆ ಸಮ ಎನ್ನುವುದು ಇರಲಿಲ್ಲ. ಈ ಒಂದು ಮುಖದಲ್ಲಿ ಮಾತ್ರ ಅವು ಸಮವಾಗಿದ್ದವು. ಯಾಕೆಂದರೆ ಇದನ್ನು ಮಾಡಿದವನು ಅವಳನ್ನು ತಿದ್ದಲು ಹೋಗಿರಲಿಲ್ಲ, ಇದ್ದ ಹಾಗೆಯೇ ಕೊರೆದಿದ್ದ.

ದಾರ ಹಿಡಿಯದೆ! ಒಂದು ದಿನವೂ ಅವಳನ್ನು ಸ್ಟೂಲಿನ ಮೇಲೆ ಕೂರಿಸದೆ!

'ನಿನ್ನ ಅಳತೆ ನಂಗೆ ಬೇಕಿಲ್ಲ...'

ಬೇಡ ಅಂತ ಅಲ್ಲ. ಬೇಕಾಗಿಲ್ಲ ಅಂತ! ಗೊತ್ತಿದೆ ಅಂತ!

"ಅಯ್ಯೋ..." ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆರು ವರ್ಷ ಅದುಮಿಟ್ಟದ್ದೆಲ್ಲ ಒಮ್ಮೆಗೇ ಉಕ್ಕಿಬಂತು. ಕನ್ನಡಕ ಮಂಜಾಯಿತು.

"ಏನಾಯ್ತ್ರೀ? ಹುಷಾರಿದ್ದೀರಾ?" ಮೇಡಂ ಗಾಬರಿಯಾದರು.

"ಮೇಡಂ, ಇದು ಕೈತಪ್ಪಲ್ಲ!"

"ಅಂದ್ರೆ?"

"ಚೀಟಿ ತಪ್ಪು, ಕಣ್ಣು ಸರಿ! ನೋಡಿ... ನನ್ನ ನೋಡಿ!" ಎಂದು ಕನ್ನಡಕ ತೆಗೆದು ತೋರಿಸಿದಳು. ಮೇಡಂ ಅವಳ ಮುಖ ನೋಡಿದರು, ಚಂದ್ರನ ಮುಖ ನೋಡಿದರು.

ಗಡಿಯಾರದಲ್ಲಿ ಹನ್ನೆರಡೂ ನಲವತ್ತು. ಬಸ್ ನಿಲ್ದಾಣಕ್ಕೆ ನಡೆದರೆ ಹದಿನೈದು ನಿಮಿಷ.

ಅವಳು ಓಡಿದಳು.

*

ಮೆಟ್ಟಿಲು ಇಳಿಯುವಾಗ ಎದೆಯಲ್ಲಿ ಒಂದೇ ಪ್ರಾರ್ಥನೆ. 'ಹೋಗಿರಬಾರ್ದು... ಹೋಗಿರಬಾರ್ದು... ಇನ್ನೊಂದು ಸಲ ಹೋಗಿರಬಾರ್ದು!'

ಬಾಗಿಲ ಹತ್ತಿರ ಕಂಡ ದೃಶ್ಯ ಇದು. ಅಪ್ಪ ಬೆಂಚಿನ ಮೇಲೆ ಗಟ್ಟಿಯಾಗಿ ಕೂತಿದ್ದರು. ಗೋಂದು ನೆಲಕ್ಕೆ ಬಗ್ಗಿ ಬೆಂಚಿನ ಕೆಳಗೆ ಹುಡುಕುತ್ತಿದ್ದ.

"ಸರಿಯಾಗಿ ನೋಡೋ. ಇಲ್ಲೇ ಇಟ್ಟಿದ್ದೆ."

"ಗುರುಗಳೇ, ಮೂರು ಸಲ ನೋಡಿದೆ. ನಿಮ್ಮ ಕೋಲು ಇಲ್ಲಿಲ್ಲ. ನಂಗೆ ಬಸ್ಸಿಗೆ ಹೊತ್ತಾಯ್ತು..."

"ಕೋಲಿಲ್ಲದೆ ಮುದುಕನ್ನ ಬಿಟ್ಟು ಹೋಗ್ತೀಯಾ? ಇದೇನಾ ನಾನು ಕಲಿಸಿದ್ದು?"

ಕೋಲು ಅಪ್ಪನ ಬೆನ್ನ ಹಿಂದೆ, ಕೋಟಿನೊಳಗೆ ನೆಟ್ಟಗೆ ನಿಂತಿತ್ತು. ತುದಿ ಕಾಲರಿನಿಂದ ಹೊರಗೆ ಇಣುಕುತ್ತಿತ್ತು! ಮಗಳು ಕಂಡದ್ದೇ ಅಪ್ಪ ಕಣ್ಣು ಹೊಡೆದರು.

"ಗೋಂದು!"

ಅವನು ಧಡಕ್ಕನೆ ಎದ್ದು ಬೆಂಚಿಗೆ ತಲೆ ಹೊಡೆಸಿಕೊಂಡ. ಅವಳ ಬಾಯಲ್ಲಿ ಆ ಹೆಸರು ಕೇಳಿ ಆರು ವರ್ಷವಾಗಿತ್ತಲ್ಲ ಪಾಪ.

"ಆ ಚಂದ್ರ ಯಾರದ್ದು?" ಏದುಸಿರು ಬಿಡುತ್ತ ಕೇಳಿದಳು.

"ಮ್ಯೂಸಿಯಂದು."

"ಯಾರಿಗೆ ಮಾಡಿದ್ದು ಅಂತ ಕೇಳ್ದೆ."

ಅವನು ನೆಲ ನೋಡಿದ. "ಈಗ ಅದೆಲ್ಲ ಯಾಕೆ? ನೀವು ಬೇಡವೇ ಬೇಡ ಅಂದ ಮೇಲೆ..."

"ಐವತ್ತೊಂಬತ್ತು, ಎಡಕ್ಕೆ ಮೂರು. ನಿಂಗೆ ಯಾರು ಕೊಟ್ರು ನನ್ನ ಅಳತೆ? ಯಾವಾಗ ತಗೊಂಡೆ?"

'ನಿಂಗೆ' ಎಂದಿದ್ದಳು. ಅದು ಅವನಿಗೆ ತಾಗಿತು. ತಲೆ ಎತ್ತಿದ.

"ಯಾರು ಕೊಡ್ಬೇಕು?" ಎಂದ ಮೆಲ್ಲಗೆ. "ಒಂಬತ್ತು ವರ್ಷ ಎದುರಿಗೇ ಕೂತಿದ್ಯಲ್ಲ. ಕುಂಚ ಕೊಡುವಾಗ, ಬೈಯುವಾಗ, ನಿದ್ದೆ ತೂಗುವಾಗ... ಕಣ್ಣಳತೆಯಲ್ಲೇ ಬಂತು. ಮಿಲಿಮೀಟರ್ ಎಷ್ಟು ಅಂತ ಮೇಡಂ ಅಳೆದು ಹೇಳಿದ ಮೇಲೇ ಗೊತ್ತಾಗಿದ್ದು ನಂಗೆ."

"ಮತ್ತೆ ಬೇಕಿಲ್ಲ ಅಂದ್ಯಲ್ಲೋ!"

"ಹೌದು, ಬೇಕಿಲ್ಲ ಅಂದೆ. ಬಾಯಿಪಾಠ ಆದವನಿಗೆ ಪುಸ್ತಕ ಯಾಕೆ ಬೇಕು?"

ಅವಳಿಗೆ ನಗು ಬಂತೋ ಅಳು ಬಂತೋ, ಎರಡೂ ಬಂತು.

"ಅಯ್ಯೋ ಪೆದ್ದೇ!" ಎಂದರು ಅಪ್ಪ. "ಆ ಇನ್ನೊಂದು ಮಾತು ಸೇರಿಸಿ ಹೇಳಕ್ಕೆ ಏನಾಗಿತ್ತು? ಬಾಯಿಗೂ ಗೋಂದು ಬಳ್ಕೊಂಡಿದ್ಯಾ?"

"ನಾಚಿಕೆ ಆಯ್ತು ಗುರುಗಳೇ."

"ಆ ನಟಿ?" ಎಂದಳು ಅವಳು, ಬಿಡದೆ. "ಅವಳ ಮುಖಕ್ಕೆ ದಾರ ಹಿಡಿದು ಅಷ್ಟು ನಗ್ತಿದ್ದೆ..."

"ದಾರ ಮೂಗಿಗೆ ತಾಗಿ ಅವಳು ಸೀನಿಬಿಟ್ಳು. ಗೋಂದಿನ ಡಬ್ಬಿ ನನ್ನ ಮಡಿಲಿಗೆ ಬಿತ್ತು! ಅವಳು ಮಂಡಳಿಯ ತಬಲದವನನ್ನ ಮದುವೆ ಆಗಿ ಎರಡು ಮಕ್ಕಳಿವೆ." ಅವನ ಧ್ವನಿ ಇಳಿಯಿತು. "ಗೊತ್ತಿಲ್ಲದ ಮುಖಕ್ಕೆ ದಾರ ಬೇಕು. ನಿನ್ನ ಮುಖಕ್ಕೆ ದಾರ ಹಿಡಿಯೋಕೆ ನನ್ನ ಕೈ ನಡುಗ್ತಿತ್ತು. ಮೆರವಣಿಗೆ ದಿನ ನೀನೇ ಹಾಕ್ಕೊಂಡು ನೋಡಿದ್ರೆ ಗೊತ್ತಾಗುತ್ತೆ, ಬಾಯಿಬಿಟ್ಟು ಹೇಳೋದೇ ಬೇಡ ಅಂತ ಎಣಿಸಿದ್ದೆ. ಬೆಳಗ್ಗೆಯಿಂದ ಅದನ್ನ ಬಟ್ಟೇಲಿ ಸುತ್ಕೊಂಡು ಕಾದೆ. ಗುರುಗಳು ಬಂದು, ಬೇಡವಂತೆ ಅಂದ್ರು. ಪೆಟ್ಟಿಗೆ ತಳಕ್ಕೆ ಹಾಕಿದೆ."

ಅಪ್ಪ ನಡುಗುವ ಕೈಯಲ್ಲಿ ಕೋಟಿನಿಂದ ಕೋಲು ಎಳೆದು ಮುಂದಿಟ್ಟುಕೊಂಡರು.

"ನಾನು ಅಂಚೆಯವನ ಕೆಲಸ ಮಾಡಿದೆ," ಎಂದರು. "ಹೇಳಿದ್ದನ್ನ ಹಾಗೇ ತಲುಪಿಸಿದೆ. ಒಳಗೇನಿದೆ ಅಂತ ನೋಡ್ಲಿಲ್ಲ. ವ್ಯಾನಿಗೆ ತುಂಬುವಾಗ ಚಂದ್ರನ್ನ ಹಿಂದಿನಿಂದ ನೋಡಿದೆ. ಆವಾಗ ಅರ್ಥ ಆಯ್ತು. ನೀವಿಬ್ಬರೂ ಮಾತಾಡೋ ಹಾಗಿರ್ಲಿಲ್ಲ, ಇವನ ವಿಳಾಸ ಯಾರಿಗೂ ಗೊತ್ತಿರ್ಲಿಲ್ಲ. ರಿಪೇರಿಗೆ ಯಾರನ್ನ ಕರೆಸೋದು ಅಂತ ಮ್ಯೂಸಿಯಂನೋರು ಕೇಳಿದಾಗ, ಹೇಗಾದ್ರೂ ಇವನನ್ನೇ ಹುಡುಕಿಸಿ, ಬೇರೆಯವರು ಮುಟ್ಟಿದ್ರೆ ಕೆಡುತ್ತೆ ಅಂದೆ."

"ಅಪ್ಪ! ನಿಮಗೆ ಎಲ್ಲಾ ಗೊತ್ತಿತ್ತಾ? ಹೇಳ್ಬಾರ್ದಿತ್ತಾ?"

"ನಾನು ಹೇಳಿದ್ರೆ ನಂಬ್ತಿದ್ಯಾ? ಅಳತೆ ಹೇಳಿದ್ರೆ ನಂಬ್ತೀಯ. ಅದಕ್ಕೇ ಕರ್ಕೊಂಡು ಬಂದೆ."

ಹೊರಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಅದೇ ಒಂದು ಗಂಟೆಯದೋ, ಬೇರೆಯದೋ, ಯಾರೂ ತಿರುಗಿ ನೋಡಲಿಲ್ಲ.

"ಮೂರು ವರ್ಷದ ಕೆಲಸ ಒಪ್ಕೊಂಡುಬಿಟ್ಟಿದ್ದೀನಿ," ಎಂದ ಅವನು. ಹೇಳಿದ್ದು ಅಷ್ಟೇ. ಕೇಳಿದ್ದು ಬೇರೆ ಎಂದು ಅವನ ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಆದರೆ ಅವಳಿಗೆ ಈ ಸಲ ಊಹೆ ಬೇಕಿರಲಿಲ್ಲ.

"ಬಾಯಿಬಿಟ್ಟು ಹೇಳು. ಪೂರ್ತಿ ಹೇಳು. ಅರ್ಧ ಮಾತಿಗೆ ಆರು ವರ್ಷ ಕೊಟ್ಟಾಯ್ತು."

ಅವನು ಹತ್ಯಾರಿನ ಪೆಟ್ಟಿಗೆಯನ್ನು ಕೆಳಗಿಟ್ಟ.

"ನೀನಿಲ್ಲದ ಊರಲ್ಲಿ ನಂಗೆ ಕೆಲಸ ಸಿಕ್ಕಿದೆ, ಕೂಲಿ ಸಿಕ್ಕಿದೆ, ನಿದ್ದೆ ಸಿಕ್ಕಿಲ್ಲ. ಯಾವ ಮುಖ ಮಾಡಿದ್ರೂ ಎಡಗಣ್ಣು ಮೇಲೆ ಹೋಗುತ್ತೆ, ಬೈಸ್ಕೊಂಡು ತಿದ್ದಬೇಕಾಗುತ್ತೆ. ನಿನ್ನನ್ನ ಪ್ರೀತಿಸ್ತೀನಿ. ಅವತ್ತೂ, ಇವತ್ತೂ. ನನ್ನ ಜೊತೆ ಬರ್ತೀಯಾ? ಬರಲ್ಲ ಅಂದ್ರೆ ಆ ಕೆಲಸ ಬಿಟ್ಟು ಇಲ್ಲೇ ಇರ್ತೀನಿ. ಪೂರ್ತಿ ಆಯ್ತಾ ಮಾತು?"

ಅವಳು ಕೆನ್ನೆ ಒರೆಸಿಕೊಂಡಳು.

"ಆ ಊರಲ್ಲಿ ಕನ್ನಡಕದ ಅಂಗಡಿ ಇದ್ಯಾ?"

"ಇರುತ್ತೆ. ಇಲ್ದೇ ಇದ್ರೆ ಇಡೋಣ."

"ಅಲ್ಲಿ ಮ್ಯೂಸಿಯಂನಲ್ಲಿ ಬೆಂಚು ಇರುತ್ತಾ ಕೇಳಮ್ಮ," ಎಂದರು ಅಪ್ಪ. "ನಾನೂ ಬರೋನೇ."

ಮೇಲಿನಿಂದ ಮೇಡಂ ಮೆಟ್ಟಿಲಿಳಿದು ಬರುತ್ತಿದ್ದರು, ಕೈಯಲ್ಲಿ ಪೆಟ್ಟಿಗೆಯಿಂದ ಕಿತ್ತ ಚೀಟಿ. "ರೀ, 'ತಯಾರಕರ ಕೈತಪ್ಪು' ಹೊಡೆದುಹಾಕಿದ್ದೀನಿ. ಅದರ ಬದಲು ಏನು ಬರೀಲಿ, ಹೇಳಿ!"

ಅಷ್ಟರಲ್ಲಿ ಅವಳು ಕೈಚೀಲದಿಂದ ಪುಟ್ಟ ಸ್ಕೇಲ್ ಹೊರತೆಗೆದಿದ್ದಳು.

"ಕೂತ್ಕೋ," ಎಂದಳು ಅವನಿಗೆ, ಬೆಂಚು ತೋರಿಸಿ.

"ಯಾಕೆ?"

"ಹತ್ತಿರದ್ದು ಕಾಣಲ್ಲ ಅಂದ್ಯಲ್ಲ. ಡಾಕ್ಟರ ಹತ್ರ ನಾಳೆ ಹೋಗೋಣ. ಅಳತೆ ಇವತ್ತೇ ತಗೋತೀನಿ."

ಅವನು ಕೂತ. ಅವಳು ಬಗ್ಗಿ ಅವನ ಮೂಗಿನ ಮೇಲೆ ಸ್ಕೇಲ್ ಇಟ್ಟಳು. ಎಷ್ಟು ಸಾವಿರ ಸಲ ಮಾಡಿದ ಕೆಲಸ! ಆದರೂ ಮೊದಲು ನೋಡಿದ್ದು ಗೆರೆಯನ್ನಲ್ಲ, ಕಣ್ಣನ್ನು. ಜೇನುಬಣ್ಣದ ಬಳೆ. ಕೆಳ ಅಂಚಿನಲ್ಲಿ ಚುಕ್ಕೆ. ಇದ್ದಲ್ಲೇ ಇತ್ತು.

"ನನ್ನನ್ನೇ ನೋಡು. ಅಲುಗಾಡ್ಬೇಡ."

"ನೋಡ್ತಾನೇ ಇದ್ದೀನಿ ತಕ್ಕಡಿ," ಎಂದ ಅವನು. "ಇಷ್ಟು ವರ್ಷ ಕಣ್ಣಿಗೆ ಸ್ಕೇಲ್ ಹಿಡಿದವಳು, ಕಣ್ಣಳತೆಯಲ್ಲಿ ಗೊತ್ತಾಗಲ್ವಾ? ಅಳತೆ ಬೇಕಾ ನಿಂಗೆ?"

ಮಿಲಿಮೀಟರಿನ ಗೆರೆಗಳು ಕಣ್ಣೀರಿನಲ್ಲಿ ಕಲೆಸಿಹೋಗಿದ್ದವು. ಅವಳು ಸ್ಕೇಲನ್ನು ಕೆಳಗಿಳಿಸಲಿಲ್ಲ.

"ಬೇಕು," ಎಂದಳು.